ಇಬ್ಬರಿಗೂ ಏಳು

ಡೋಣಿ ಊರಿನ ಯಮನೂರಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮಣ್ಣನ ಆರು ತಿಂಗಳು ಹಾಳು ಮಾಡಿದವನು ಅವನೇ.

ಅಣ್ಣ ಬುಡ್ಡೇಸಾಬ ಮುಂಡರಗಿಯಲ್ಲಿ ಗಾದಿ ಹೊಲಿಯುತ್ತಾನೆ. ಅರಳೆಯನ್ನು ಎರಡು ಬೆರಳಲ್ಲಿ ಎಳೆದು, ಹಳೆಯದು ಎಷ್ಟು ಬೆರೆತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಅರವತ್ತೈದಕ್ಕೆ ಅವನಿಗೆ ಮೂತ್ರ ಕಟ್ಟತೊಡಗಿತು. ಗದಗಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಕಾಗದದಲ್ಲಿ 4+3=7 ಎಂದಿತ್ತು.

ಗಾದಿ ಮಾಡಿಸಲು ಬಂದ ಯಮನೂರಪ್ಪ ಅದನ್ನು ನೋಡಿದ. ಅವನಿಗೂ ಅದೇ ಬೇನೆ, ಅವನದೂ ಏಳು.

"ಅಂಜಬ್ಯಾಡ ಬುಡ್ಡೇಸಾಬಣ್ಣಾ. ಡಾಕ್ಟರ ನನಗ ಬರೇ ರಕ್ತಾ ತಪಾಸ ಮಾಡಸ್ಕೋತ ಇರು ಅಂದಾರ. ಎರಡ ವರ್ಷ ಆತು, ಎತ್ತಿನಂಗ ಅದೀನಿ."

"ಎತ್ತಲ್ಲೋ, ಕ್ವಾಣ," ಎಂದು ಅಣ್ಣ ನಕ್ಕ.

ನಾಲ್ಕನೇ ಇಯತ್ತೆ ಓದಿದ ನಾನು ಅವನ ಕಾಗದವನ್ನೂ ತರಿಸಿ ಜೋಡಿಸಿ ನೋಡಿದೆ. ಯಮನೂರಪ್ಪನದು 3+4. ಎರಡೂ ಒಂದೇ ಎಂದೆ. ಅಣ್ಣ ದವಾಖಾನೆಯ ದಾರಿ ಬಿಟ್ಟ. ಅತ್ತಿಗೆ ಹಸೀನಾಬಿ ದಿನಾ ಜಗಳ ತೆಗೆದಳು. ಗದರಿಸಿ ಅವಳ ಬಾಯಿ ಮುಚ್ಚಿಸಿದೆ.

ಆರು ತಿಂಗಳಿಗೆ ಮೂತ್ರದಲ್ಲಿ ರಕ್ತ ಕಂಡಿತು. ಹುಬ್ಬಳ್ಳಿಗೆ ಓಡಿದೆವು. ಡಾಕ್ಟರಮ್ಮ ಕಾಗದ ಓದಿ, ಆರು ತಿಂಗಳು ಯಾಕೆ ಬಿಟ್ಟಿರಿ ಎಂದಳು. ನನಗೆ ತಡೆಯಲಾಗಲಿಲ್ಲ.

"ಯಮನೂರಪ್ಪಂದೂ ಮೂರು ನಾಲ್ಕು ಕೂಡಿ ಏಳರೀ! ಅವ ಆರಾಮ ಅದಾನ!"

"ಒದರಬ್ಯಾಡ್ರಿ. ಏಳು ಅನ್ನೂದು ಎರಡ ನಮೂನಿ ಕ್ಯಾನ್ಸರ್ ಕೂಡಿಸಿದ ಲೆಕ್ಕ. ಮೂರನೇ ನಮೂನಿ ಸಾವಕಾಶ ಬೆಳಿತೈತಿ, ನಾಲ್ಕನೇದು ಜಲ್ದಿ ಹಬ್ಬತೈತಿ. ಯಾವದು ಹೆಚ್ಚೈತೋ ಅದನ್ನ ಮೊದಲ ಬರಿತೀವಿ. ಅವರಿಗೆ ಮೂರು ಹೆಚ್ಚು, ಇವರಿಗೆ ನಾಲ್ಕು."

ನನಗೆ ತಿಳಿಯಲಿಲ್ಲ. ಅಣ್ಣನಿಗೆ ತಿಳಿಯಿತು.

"ತೂಕ ಒಂದ ಇದ್ರೇನಾತು ಲೇ ಮಾಶಾಕ. ಅವನ ಗಾದಿಯಾಗ ಚಲೋ ಅರಳಿ ಹೆಚ್ಚು, ನನ್ನದರಾಗ ಗಂಟ ಅರಳಿ ಹೆಚ್ಚು." ಡಾಕ್ಟರಮ್ಮನ ಕಡೆ ತಿರುಗಿದ. "ಈ ಗಾದಿ ಎಷ್ಟ ದಿನಾ ತಾಳತೈತ್ರಿ?"

"ಈಗ ಹೇಳಾಕ ಬರೂದಿಲ್ರಿ. ಎಲುಬಿಗೆ ಹೋಗಿಲ್ಲಂದ್ರ ರೇಡಿಯೇಷನ್ ಕರೆಂಟ್ ಕೊಟ್ಟು, ಇಂಜೆಕ್ಷನ್ ಮಾಡಿ ಹಿಡೀಬಹುದು. ಮದ್ಲು ಸ್ಕ್ಯಾನ್ ಆಗ್ಲಿ."

ಸ್ಕ್ಯಾನಿಗೆ ನಾಲ್ಕು ದಿನ ಇತ್ತು. ಬಸ್ ನಿಲ್ದಾಣದಲ್ಲಿ ಯಮನೂರಪ್ಪ ಸಿಕ್ಕಾಗ ಹತ್ತು ಮಂದಿಯ ಮುಂದೆ ಅಂಗಿ ಹಿಡಿದೆ. "ನಮ್ಮಣ್ಣನ್ನ ಕೊಲ್ಲಾಕ ಬಂದಿದ್ದೇನಲೇ?" ಅವನು ಅಂಗಿ ಬಿಡಿಸಿಕೊಂಡು ಬಸ್ ಹತ್ತಿದ.

ಬೇನೆ ಎಲುಬಿಗೆ ಹೋಗಿರಲಿಲ್ಲ. ಇಪ್ಪತ್ತೆಂಟು ದಿನ ಕರೆಂಟ್ ಕೊಟ್ಟರು. ನಾನು ಬಾಡಿಗೆ ಟಂಟಂ ಓಡಿಸುವುದು ಬಿಟ್ಟು ದಿನಾ ಹೋಗಲಾರದವನು. ಅಣ್ಣನ ಜೊತೆ ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಬಂದವನು ಯಮನೂರಪ್ಪ. ಈಗ ಮೂರು ತಿಂಗಳಿಗೊಮ್ಮೆ ರಕ್ತದ ನಂಬರ್ ಬರುವ ತನಕ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣುವುದಿಲ್ಲ.

ಎರಡೂ ಒಂದೇ ಎಂದವನು ನಾನು ಎಂದು ಯಮನೂರಪ್ಪನಿಗೆ ಹೇಳಬೇಕು, ತಪ್ಪಾಯಿತು ಅನ್ನಬೇಕು. ಮೊನ್ನೆ ಮನೆಗೆ ಬಂದು ಚಹಾ ಕುಡಿದು ಹೋದ. ನಾನು ಬಾಯಿ ಬಿಡಲಿಲ್ಲ.