ಒಗ್ಗರಣೆ ಇಲ್ಲದ ಸಾಸು

ಕೈಲಾಂಚ ಊರಿನ ಚಲುವಯ್ಯ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಅರವತ್ತೆಂಟು ವರ್ಷ. ಹೆಂಡತಿ ಸಿದ್ದಮ್ಮ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಜಗಲಿಯ ಕಂಬಕ್ಕೆ ಒರಗಿದ್ದವನ ಉಸಿರು ನಿಂತಿತ್ತು.

ಎದುರುಮನೆಯ ನಂಜುಂಡಯ್ಯ ಮೇಷ್ಟ್ರು ಓಡಿ ಬಂದರು. ಇಬ್ಬರೂ ಚಿಕ್ಕಂದಿನ ಗೆಳೆಯರು. ಮಾತು ಬಿಟ್ಟು ಅಂದಿಗೆ ಇಪ್ಪತ್ತಮೂರು ದಿನವಾಗಿತ್ತು.

ಚಲುವಯ್ಯ ಬೆಂಗಳೂರಿನಲ್ಲಿ ಫ್ರಾನ್ಸಿನ ಎಂಜಿನಿಯರೊಬ್ಬರ ಮನೆಯಲ್ಲಿ ಹತ್ತೊಂಬತ್ತು ವರ್ಷ ಅಡುಗೆ ಮಾಡಿದವನು. ಅವರು ತಮ್ಮ ದೇಶಕ್ಕೆ ಹೊರಟಾಗ ಊರಿಗೆ ಬಂದು ಹಿಪ್ಪುನೇರಳೆ ತೋಟ ನೋಡಿಕೊಂಡ. ಅಲ್ಲಿಂದ ತಂದ ಅಡುಗೆಗಳಲ್ಲಿ ಅವನು ಬಿಡದೆ ಉಳಿಸಿಕೊಂಡದ್ದು ಟೊಮೆಟೊ ಸಾಸು ಒಂದನ್ನೇ. ಬೆಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್ಟು ಬಾಡಿಸಿ, ಚೂರು ಮೈದಾ ಉದುರಿಸಿ, ಹಿತ್ತಲ ಟೊಮೆಟೊ, ಮೂಳೆ ಬೇಯಿಸಿದ ನೀರು, ಒಂದು ಪಲಾವ್ ಎಲೆ ಹಾಕುತ್ತಿದ್ದ. ರೇಷ್ಮೆಹುಳು ಎಲೆ ತಿಂದುಬಿಟ್ಟ ಕಡ್ಡಿಗಳ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿ, ಜರಡಿಯಲ್ಲಿ ಉಜ್ಜಿ ಸೋಸುತ್ತಿದ್ದ.

ಮೊದಲ ಸಲ ನಾಲಿಗೆಗಿಟ್ಟಾಗ ಮೇಷ್ಟ್ರು ಮುಖ ಕಿವುಚಿದ್ದರು. "ಖಾರಾನೇ ಇಲ್ವಲ್ಲೋ ಚಲುವ?"

"ಖಾರ ನಿನ್ ಬಾಯಲ್ಲಿ ಬೇಕಾದಷ್ಟೈತೆ ಕಣ್ಲಾ ಮೇಷ್ಟ್ರೇ. ಸುಮ್ಕೆ ಒಸಿ ಹೊತ್ತು ನಾಲ್ಗೆ ಮ್ಯಾಲೆ ಮಡಿಕೊ."

ಆಮೇಲೆ ಸಾಸು ಮಾಡಿದಾಗಲೆಲ್ಲ ಎದುರುಮನೆಗೆ ಒಂದು ಡಬ್ಬಿ ಬರುತ್ತಿತ್ತು. ಮೇಷ್ಟ್ರ ಹೆಂಡತಿ ಯಲ್ಲಮ್ಮ ಅದಕ್ಕೆ ಸಾಸಿವೆ, ಒಣಮೆಣಸಿನಕಾಯಿ ಸಿಡಿಸಿ ಹಾಕುತ್ತಿದ್ದರು. ಒಗ್ಗರಣೆಯಿಲ್ಲದ್ದನ್ನು ಉಣ್ಣುವುದು ಸೂತಕದ ಮನೆಯಲ್ಲಿ ಮಾತ್ರ ಎಂಬುದು ಅವರ ನಂಬಿಕೆ. ಚಲುವಯ್ಯ ಕೇಳಿದರೆ ಮೇಷ್ಟ್ರು, "ನೀನು ಕೊಟ್ಟಂಗೇ ತಿಂದ್ವಿ ಕಣೋ, ಚೆನ್ನಾಗಿತ್ತು" ಅನ್ನುವರು. ಆ ಮಾತಿಗೆ ಅವನ ಮುಖವೆಲ್ಲ ಅರಳುತ್ತಿತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು. ಒಂದು ದಿನ ಊಟದ ಹೊತ್ತಿಗೆ ಬಂದು ಪೇಪರು ಕೈಗೆತ್ತಿಕೊಂಡ ಚಲುವಯ್ಯ ಮೇಷ್ಟ್ರ ತಟ್ಟೆಯ ಸಾಸಿನಲ್ಲಿ ಸಾಸಿವೆ ಕಂಡ.

"ಇಷ್ಟು ವರ್ಸ ಸುಳ್ಳು ಹೇಳ್ಬುಟ್ಯಾ ನಂಜುಂಡ?"

ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ನಕ್ಕುಬಿಟ್ಟರು. "ಸಾವಿನ ಮನೆ ಊಟ ನಮ್ಗ್ಯಾಕ್ಲಾ?"

ಚಲುವಯ್ಯ ಪೇಪರು ಕೆಳಗಿಟ್ಟು ಹೊರಟುಹೋದ. ಬೀದಿ ದಾಟಿದರೆ ಅವನ ಮನೆ. ನಾಳೆ ಹೋಗಿ ಮಾತಾಡಿಸೋಣ ಎಂದುಕೊಳ್ಳುತ್ತಲೇ ಮೇಷ್ಟ್ರು ದಿನ ಕಳೆದರು.

ಆ ಮಂಗಳವಾರ ಹೆಣದ ಪಕ್ಕದಲ್ಲಿ ಸ್ಟೀಲ್ ಡಬ್ಬಿಯೊಂದಿತ್ತು. ಇನ್ನೂ ಬೆಚ್ಚಗಿತ್ತು. "ನಿಮ್ಗೇ ಅಂತ ಕತ್ಲಲ್ಲೇ ಎದ್ದು ಮಾಡುದ್ರು ಕಣಣ್ಣ," ಎಂದು ಸಿದ್ದಮ್ಮ ಅಳುತ್ತ ಅವರ ಕೈಗಿಟ್ಟಳು. ಮುಚ್ಚಳದ ಮೇಲೆ ಕಾಗದದ ಪೊಟ್ಟಣ ಕಟ್ಟಿತ್ತು.

ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಮೇಷ್ಟ್ರು ಪೊಟ್ಟಣ ಬಿಚ್ಚಿದರು. ಒಂದು ಚಮಚ ಸಾಸಿವೆ, ಎರಡು ಒಣಮೆಣಸಿನಕಾಯಿ, ಒಂದು ಎಸಳು ಕರಿಬೇವು. ಯಲ್ಲಮ್ಮ ಒಲೆಯ ಮೇಲೆ ಎಣ್ಣೆ ಇಡಲು ಹೋದರು. "ಬ್ಯಾಡ ಕಣೇ," ಎಂದು ಮೇಷ್ಟ್ರು ತಡೆದರು. ಅನ್ನಕ್ಕೆ ಸಾಸನ್ನು ಹಾಗೆಯೇ ಕಲಸಿದರು. ಒಂದು ತುತ್ತು ಬಾಯಿಗಿಟ್ಟರು. ನಾಲಿಗೆಯ ಮೇಲಿಟ್ಟುಕೊಂಡೇ ಕೂತರು. ಹುಳಿಯ ಹಿಂದೆ ಮೆಲ್ಲಗೆ ಸಿಹಿ ಬಂತು.

ಆಮೇಲೆ ಸಿದ್ದಮ್ಮ ಹೇಳಿದ್ದು ಇಷ್ಟು. ಅವಳು ಹಾಲಿನ ಕ್ಯಾನು ಎತ್ತಿಕೊಂಡು ಹೊರಟಾಗ, "ಯಲ್ಲಮ್ಮ ಹೆಂಗಿದ್ರೂ ಒಗ್ಗರಣೆ ಹಾಕೇ ಹಾಕ್ತಾಳೆ, ನಾನೇ ಕೊಟ್ಬುಡ್ತೀನಿ," ಎಂದು ಚಲುವಯ್ಯ ಜಗಲಿಯಲ್ಲಿ ಕೂತು, ಪೊಟ್ಟಣವನ್ನು ಮುಚ್ಚಳದ ಮೇಲಿಟ್ಟು, ದಾರ ಎರಡು ಸುತ್ತು ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿಯುತ್ತಿದ್ದ.