ನಾನೂ ಕಳಿಸುತ್ತಿದ್ದ ಸ್ಟಿಕ್ಕರ್

ನಮ್ಮ ಕಾಲೇಜಿನಲ್ಲಿ ನನ್ನನ್ನು ಆಪ್ತಸಮಾಲೋಚಕಿ ಮಾಡಿದ್ದಕ್ಕೆ ಇದ್ದ ಕಾರಣ ಒಂದೇ. ಉಳಿದವರೆಲ್ಲ ಜಾಣರು, ಆ ಮೀಟಿಂಗಿನ ದಿನ ರಜೆ ಹಾಕಿದ್ದರು. ನಾನು ಅರ್ಥಶಾಸ್ತ್ರ ಕಲಿಸುವವಳು. ಎರಡು ದಿನದ ತರಬೇತಿಯಲ್ಲಿ ಒಂದು ಫೈಲು, ಒಂದು ಪೆನ್ನು ಮತ್ತು ಮಕ್ಕಳ ಮಾತನ್ನು ತಡೆಯದೆ ಕೇಳಬೇಕು ಎಂಬ ಬುದ್ಧಿವಾದ ಸಿಕ್ಕಿತ್ತು. ತಡೆಯದೆ ಕೇಳುವುದು ನನ್ನ ಜಾಯಮಾನದಲ್ಲೇ ಇಲ್ಲ.

ಪರೀಕ್ಷೆಗೆ ಎರಡು ತಿಂಗಳಿರುವಾಗ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಯನ್ನು ಅವಳ ತಾಯಿ ಹೊಳೆಯಾಚೆಯ ಬೆಂಗ್ರೆಯಿಂದ ಫೆರಿ ಹತ್ತಿಸಿ ಕರೆತಂದರು. ಮೂರು ವಾರದಿಂದ ಅವಳು ಕಾಲೇಜಿಗೆ ಬಂದಿರಲಿಲ್ಲ.

"ಟಿ.ಸಿ. ತೆಗೀವ ಅಂತಾಳೆ ಮೇಡಂ. ಎಂತ ಆಯ್ತು ಅಂತ ನನ್ನ ಹತ್ರ ಹೇಳುದಿಲ್ಲ. ನೀವೊಮ್ಮೆ ಕೇಳಿ" ಎಂದು ತಾಯಿ ಹೊರಗೆ ಹೋಗಿ ಕುಳಿತರು.

ಹುಡುಗಿ ನೆಲ ನೋಡುತ್ತಾ ಹೇಳಿದಳು. ತಾಯಿ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಮೀನು ವಿಂಗಡಿಸಲು ಬೆಳಗಿನ ನಾಲ್ಕಕ್ಕೇ ಹೋಗುವುದರಿಂದ ಮನೆಕೆಲಸವೆಲ್ಲ ಇವಳದೇ. ಒಂದು ದಿನ ಕ್ಲಾಸಿನಲ್ಲಿ ನಿದ್ದೆ ಬಂದಿತ್ತು. ಯಾರೋ ಫೋಟೋ ತೆಗೆದು, ಮುಖವನ್ನಷ್ಟೇ ಕತ್ತರಿಸಿ, ವಾಟ್ಸಾಪ್ ಸ್ಟಿಕ್ಕರ್ ಮಾಡಿ ಹಂಚಿದ್ದರು.

"ಬಸ್ಸಲ್ಲಿ ನನ್ನನ್ನು ನೋಡ್ತಾರೆ, ಮೊಬೈಲ್ ನೋಡ್ತಾರೆ, ಪುನಃ ನನ್ನನ್ನು ನೋಡ್ತಾರೆ. ಗುರ್ತ ಇಲ್ಲದವರ ಹತ್ರವೂ ಉಂಟು ಮೇಡಂ."

ತೋರಿಸು ಎಂದರೆ ಒಪ್ಪಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಯಾರ ಮೊಬೈಲಲ್ಲಿ ಉಂಟೋ ಅವರನ್ನು ನಾನು ಬಿಡುದಿಲ್ಲ. ನಾಡಿದ್ದು ಬಾ, ಅಲ್ಲಿಯವರೆಗೆ ಟಿ.ಸಿ. ಮಾತು ಬೇಡ" ಎಂದೆ. ಅವಳು ತಲೆಯಾಡಿಸಿದಳು.

ಮರುದಿನ ಅವಳ ತರಗತಿಯಲ್ಲಿ ಕೂಗಾಡಿದೆ. ಕೊನೆಗೆ ಒಬ್ಬಳು ಹೆದರುತ್ತಾ ಮೊಬೈಲ್ ಮುಂದೆ ಹಿಡಿದಳು. ಮುಚ್ಚಿದ ಕಣ್ಣು, ತೆರೆದ ಬಾಯಿ, ಕೆಳಗೆ ತುಳುವಿನಲ್ಲಿ 'ಬಚ್ಚಿಂಡ್ ಮಾರಾಯ್ರೆ', ಸುಸ್ತಾಯಿತು ಎಂದು. ನಾಲ್ಕು ತಿಂಗಳಿನಿಂದ ಅದೇ ಸ್ಟಿಕ್ಕರನ್ನು ನಾನು ಮನೆಯವರ ಗುಂಪಿಗೆ ಕಳಿಸುತ್ತಿದ್ದೆ. ನಾದಿನಿಯ ಮಗಳಿಂದ ಬಂದದ್ದು. ಉತ್ತರಪತ್ರಿಕೆ ತಿದ್ದಿ ಮುಗಿದರೆ, ಅಡುಗೆ ಮುಗಿದರೆ, ನನ್ನ ಬೆರಳು ಮೊದಲು ಹೋಗುತ್ತಿದ್ದದ್ದು ಅದಕ್ಕೇ. ಯಾವುದೋ ಸಿನಿಮಾದ ಹುಡುಗಿ ಅಂದುಕೊಂಡಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೇ?

ಸಂಜೆ ಕದ್ರಿಯ ಮನೆಗೆ ಬಂದವಳೇ ಅದನ್ನು ಅಳಿಸಿ, ಎಲ್ಲರೂ ಅಳಿಸಿ ಎಂದು ಗುಂಪಿನಲ್ಲಿ ಬರೆದೆ. ದುಬೈಯಲ್ಲಿರುವ ತಮ್ಮ ಕೂಡಲೇ ಫೋನ್ ಮಾಡಿದ. "ಎಂತ ಅಕ್ಕ, ಅದು ನಿನ್ನ ಟ್ರೇಡ್‌ಮಾರ್ಕ್ ಅಲ್ವಾ? ನೀನು ಕಳಿಸಿದ್ದನ್ನೇ ಇಲ್ಲಿ ನಮ್ಮ ರೂಮಿನವರೆಲ್ಲ ಹಾಕುದು."

ಅವನ ರೂಮಿನವರು ಯಾರ್ಯಾರಿಗೆ ಕಳಿಸಿದ್ದಾರೋ! ಇನ್ನು ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು? ಹುಡುಗಿಗೆ ಹೇಳಬೇಕೋ ಬೇಡವೋ ಎಂಬುದೂ ಬಗೆಹರಿಯಲಿಲ್ಲ. ಹೇಳಿದರೆ ಅವಳು ಕಾಲೇಜು ಬಿಡುವುದು ಖಂಡಿತ ಅನ್ನಿಸಿತು. ಹೇಳದೆ ಎದುರು ಕುಳಿತು ಧೈರ್ಯ ತುಂಬುವಷ್ಟು ಭಂಡತನವೂ ನನಗಿಲ್ಲ. ಗಂಡನನ್ನು ಕೇಳಿದೆ. "ಸುಮ್ಮನಿರು ಮಾರಾಯ್ತಿ, ಹೇಳಿ ಎಂತಕ್ಕೆ?" ಎಂದರು. ಬೆಳಿಗ್ಗೆ ಚಹಾ ಕುಡಿಯುತ್ತಾ "ಅಲ್ಲ, ಹೇಳುದೇ ಒಳ್ಳೇದೋ ಏನೋ" ಎಂದರು. ತರಬೇತಿಯ ಫೈಲು ತೆರೆದು ನೋಡಿದೆ. ಸಮಾಲೋಚಕಿಯೇ ತಪ್ಪಿತಸ್ಥೆಯಾದರೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ.

ಬಾ ಎಂದಿದ್ದ ದಿನವೇ ಅವಳು ಬಂದಳು. ಏನೇನೋ ಪೀಠಿಕೆ ಯೋಚಿಸಿದ್ದೆ, ಬಾಯಿಗೆ ಬಂದದ್ದು ಮಾತ್ರ ಬೇರೆ. "ನನ್ನ ಹತ್ರವೂ ಇತ್ತು. ನಾನೂ ಕಳಿಸಿದ್ದೇನೆ. ಅದು ನೀನು ಅಂತ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಅವಳು ಅಳಲಿಲ್ಲ. ಮೊದಲ ಸಲ ನನ್ನ ಮುಖವನ್ನೇ ನೋಡಿದಳು.

"ನಿಮಗೆ ನನ್ನ ಗುರ್ತ ಸಿಗ್ಲಿಲ್ವಾ ಮೇಡಂ? ಅದು ನಿಮ್ಮ ಕ್ಲಾಸಲ್ಲೇ ತೆಗ್ದದ್ದು. ಎಲ್ಲರೂ ನಗಾಡಿದ್ರು. ನೀವು ಬೋರ್ಡಿಂದ ತಿರುಗಿ, ಎಂತ ನಗೆ ಅಂತ ಕೇಳಿದ್ರಿ. ಯಾರೂ ಹೇಳ್ಲಿಲ್ಲ. ನೀವೂ ನಗಾಡಿ ಮತ್ತೆ ಬರೀಲಿಕ್ಕೆ ಶುರು ಮಾಡಿದ್ರಿ."

ನನಗೆ ಆ ದಿನದ ನೆನಪೇ ಇರಲಿಲ್ಲ. ಈಗಲೂ ಇಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದದ್ದು ಮಾತ್ರ ನೆನಪಿದೆ. ಟಿ.ಸಿ. ಅರ್ಜಿಯನ್ನು ಕೇಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಅದನ್ನಲ್ಲ.

"ಬೇರೆ ಯಾರನ್ನು ಕೇಳಿದ್ರೂ ನಮ್ಮ ಹತ್ರ ಇಲ್ಲ ಅಂತಾರೆ. ನೀವೊಬ್ರು ಉಂಟು ಅಂತ ಹೇಳಿದ್ರಿ. ನಾನು ಪರೀಕ್ಷೆ ಬರೀತೇನೆ. ಆದ್ರೆ ನಿಮ್ಮ ಕ್ಲಾಸಿಗೆ ಬರುದಿಲ್ಲ. ಹಾಜರಿ ಕೊಡ್ತೀರಾ?"

ಕೊಡುತ್ತೇನೆ ಎಂದೆ. ಅದನ್ನು ಸಹಾಯ ಎನ್ನಬೇಕೋ ಶಿಕ್ಷೆ ಎನ್ನಬೇಕೋ ನನಗೆ ಇವತ್ತಿಗೂ ತಿಳಿಯದು. ಪರೀಕ್ಷೆಯವರೆಗೆ ದಿನವೂ ಅವಳ ಹೆಸರು ಕರೆದೆ, ಹಾಜರಿ ಹಾಕಿದೆ. ಇಡೀ ತರಗತಿ ಸುಮ್ಮನಿರುತ್ತಿತ್ತು. ಆ ಹೊತ್ತಿಗೆ ಅವಳು ಲೈಬ್ರರಿಯಲ್ಲಿ ಒಬ್ಬಳೇ ಕುಳಿತು ನನ್ನ ಪಾಠವನ್ನು ಓದಿಕೊಳ್ಳುತ್ತಿದ್ದಳು.