ಬಿಚ್ಚಿಕೊಳ್ಳುವ ಗೂಡು

ಶಿಡ್ಲಘಟ್ಟದ ಕಂಪ್ಯೂಟರ್ ಮೇಷ್ಟ್ರು ಮುರಳಿಮೋಹನ್, ರೇಷ್ಮೆ ಸಾಕುವವರ ದಿನಚರಿಗೆಂದು ತಾವೇ ಬರೆದ ತಂತ್ರಾಂಶವನ್ನು ಕೋಡ್ ಸಮೇತ ಎಲ್ಲರಿಗೂ ಬಿಟ್ಟಿ ಹಂಚುತ್ತಾರೆ. ಹೊಸ ಆವೃತ್ತಿ ಸಿದ್ಧವಾಯಿತೆಂದರೆ ಹೆಣ್ಣು ನೋಡುವ ಶಾಸ್ತ್ರದ ಗಡಿಬಿಡಿ: ಫೈಲನ್ನು ಒತ್ತಿ ಚಿಕ್ಕದಾಗಿಸಲು ಜಿಪ್ ಮಾಡಿ, ಸೆವೆನ್-ಜಿಪ್ ಮಾಡಿ, ಎಕ್ಸ್‌ಝಡ್ ಮಾಡಿ, ಯಾವುದು ಎಷ್ಟು ಕುಗ್ಗಿತೆಂದು ಕನ್ನಡಕ ಏರಿಸಿ ಏರಿಸಿ ನೋಡುತ್ತಾರೆ. ಗೆಲ್ಲುವುದು ಯಾವಾಗಲೂ ಎಕ್ಸ್‌ಝಡ್. ಅವರು ಜಾಲತಾಣಕ್ಕೆ ಹಾಕುವುದು ಯಾವಾಗಲೂ ಜಿಪ್. “ಎಕ್ಸ್‌ಝಡ್ ಇನ್ನೂ ಚಿಕ್ಕದಾಗುತ್ತಲ್ಲ ಸಾರ್” ಎಂದು ಯಾರಾದರೂ ಕೇಳಿದರೆ, “ಚಿಕ್ಕದಾದ್ರೆ ಸಾಕೇನಪ್ಪ, ಬಿಚ್ಕೋಬೇಕು!” ಎಂದು ಸಿಡುಕುತ್ತಾರೆ. ಅದು ಸಾದಲಿಯಲ್ಲಿ ಹುಳು ಸಾಕುವ ಶೋಭಾರಾಣಿಯ ಮಾತು. ಮೂರು ವರ್ಷದ ಹಿಂದೆ ಎಕ್ಸ್‌ಝಡ್ ಫೈಲು ತೆರೆಯಲು ಬಾರದೆ, ಅದಕ್ಕೆ ಗೂಡು ಎಂದೇ ಹೆಸರಿಟ್ಟು, “ನಿಮ್ಮ ಗೂಡು ಬಿಚ್ಕೊಳ್ತಾನೇ ಇಲ್ಲ ಸಾರ್” ಎಂದು ಆಕೆ ವಾರವಿಡೀ ಫೋನ್ ಮಾಡಿ ನಕ್ಕಿದ್ದಳು. ಎಂಟನೆಯ ದಿನ ಇವರು ಪಾಪ ಅನ್ನಿಸಿ ಜಿಪ್ ಕಳಿಸಿದರು. “ಬಿಚ್ಕೊಂತು ಸಾರ್!” ಎಂದಳು, ಅದೇ ಕೊನೆ. ಬಿಚ್ಚಿಕೊಳ್ಳುವ ಗೂಡಿಗೆ ಫೋನ್ ಏಕೆ? ಈಗಲೂ ಪ್ರತಿ ಸಲ ಎಕ್ಸ್‌ಝಡ್ ಮೇಲೆ ಅವರ ಬೆರಳು ಒಂದು ಗಳಿಗೆ ನಿಲ್ಲುತ್ತದೆ. ಇದನ್ನು ಹಾಕಿದರೆ ಆಕೆ ಕರೆ ಮಾಡಿಯೇ ಮಾಡುತ್ತಾಳೆ. ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಜಿಪ್ಪನ್ನೇ ಒತ್ತುತ್ತಾರೆ.